ಓದಿದವರ ಟಿಪ್ಪಣಿ, ಓದುವವರಿಗೆ ದಾರಿ

(ಗಂಗಾನಗರದಲ್ಲಿ ನಡೆದ ಸಂಘದ ವಿದ್ಯಾರ್ಥಿ ಸಭೆಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಅಂತರ್ಜಾಲದ ಮೂಲಕ ಓದುವ ಮಕ್ಕಳಿಗೆ ನಾವು ಏನು ಸಹಾಯ ಮಾಡಬಹುದು ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ನಾನು ಗಣಕಯಂತ್ರದ ಪಂಡಿತನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದವನು. ಆದ್ದರಿಂದ ಯಂತ್ರದ ವಿಷಯಕ್ಕಿಂತ ಓದಿನ ವಿಷಯವನ್ನೇ ಹೆಚ್ಚು ಹೇಳುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. ನಾನು ಪಿಯುಸಿ ಓದುತ್ತಿದ್ದಾಗ ಹೊಸ ಪುಸ್ತಕ ಕೊಳ್ಳುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಅವೆನ್ಯೂ ರಸ್ತೆಗೆ ಹೋಗಿ ಅರ್ಧ ಬೆಲೆಗೆ ತರ್ಕಶಾಸ್ತ್ರದ ಒಂದು ಹಳೆಯ ಪುಸ್ತಕ ತಂದೆ. ಹಿಂದೆ ಅದನ್ನು ಓದಿದ್ದ ಯಾರೋ ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಬರೆದಿದ್ದರು. ಪುಸ್ತಕ ಹಾಳಾಗಿದೆ ಎಂದು ಮೊದಲು ಬೇಸರವಾಯಿತು. ಒಂದು ಕಡೆ, ನನಗೆ ಎಷ್ಟು ಓದಿದರೂ ತಲೆಗೆ ಹತ್ತದ ಒಂದು ಪ್ಯಾರಾದ ಪಕ್ಕದಲ್ಲಿ, "ಇದು ತಿಳಿಯದಿದ್ದರೆ ಹಿಂದಿನ ಅಧ್ಯಾಯದ ಉದಾಹರಣೆ ಮತ್ತೆ ಓದು" ಎಂದು ಬರೆದಿತ್ತು. ಹಾಗೆಯೇ ಮಾಡಿದೆ, ತಿಳಿಯಿತು. ಆ ಹುಡುಗ ಯಾರೋ, ಹುಡುಗಿಯೋ, ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ವರ್ಷ ನನಗೆ ತರ್ಕಶಾಸ್ತ್ರ ಕಲಿಸಿದವರಲ್ಲಿ ಆ ವ್ಯಕ್ತಿಯೂ ಒಬ್ಬರು. ಆ ಪ್ಯಾರಾ ನನಗೆ ಮಾತ್ರ ಕಷ್ಟವಲ್ಲ, ನನಗಿಂತ ಮೊದಲು ಓದಿದವರಿಗೂ ಕಷ್ಟವಾಗಿತ್ತು ಎಂದು ತಿಳಿದಾಗ ಸಿಕ್ಕ ಧೈರ್ಯ ಸಣ್ಣದಲ್ಲ.

ಈಗ ಎರಡನೆಯ ಸಂಗತಿ. 2020ರ ಮಾರ್ಚ್‌ನಲ್ಲಿ ಶಾಲಾ ಕಾಲೇಜುಗಳು ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ನಮ್ಮ ಬಡಾವಣೆಯ ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲು. ತಂದೆ ಕೆಲಸದಿಂದ ಬಂದ ಮೇಲೆ ಅದು ಮಕ್ಕಳ ಕೈಗೆ ಸಿಗುತ್ತಿತ್ತು. ನಾವು ಕೆಲವು ಹಿರಿಯರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡು ಮಕ್ಕಳಿಗೆ ಓದಬೇಕಾದ ಜಾಲಪುಟಗಳ ವಿಳಾಸ ಕಳಿಸುತ್ತಿದ್ದೆವು. ಮಕ್ಕಳು "ಓಕೆ ಸರ್" ಎಂದು ಬರೆಯುತ್ತಿದ್ದರು. ಓದುತ್ತಿದ್ದಾರೆ, ಎಲ್ಲ ಸರಿಯಾಗಿದೆ ಎಂದು ನಾವು ಸಮಾಧಾನ ಪಟ್ಟುಕೊಂಡಿದ್ದೆವು. ಆ ಗುಂಪಿನಲ್ಲಿ ಬಿ.ಕಾಂ. ಮೊದಲ ವರ್ಷದ ಒಬ್ಬ ಹುಡುಗನಿದ್ದ. ಹಗಲು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ, ರಾತ್ರಿ ಓದು. ಕಾಲೇಜು ಮತ್ತೆ ತೆರೆದಾಗ ಅವನು ಹೋಗಲಿಲ್ಲ. ಮನೆಗೆ ಹೋಗಿ ಕೇಳಿದೆ. ಅವನು ಹೇಳಿದ್ದು ಇಷ್ಟೆ: "ಎಲ್ಲರೂ ಓಕೆ ಅಂತ ಹಾಕ್ತಿದ್ರು ಸರ್. ನನಗೆ ಮಾತ್ರ ಅರ್ಥ ಆಗ್ತಿರಲಿಲ್ಲ. ನನ್ನ ತಲೆಗೆ ಇದು ಹತ್ತಲ್ಲ ಅಂತ ಬಿಟ್ಟೆ."

ಆಮೇಲೆ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಅದೇ ಪುಟ, ಅದೇ ಜಾಗ, ಇನ್ನೂ ನಾಲ್ಕು ಜನರಿಗೆ ಅರ್ಥವಾಗಿರಲಿಲ್ಲ. ಅವರೂ "ಓಕೆ ಸರ್" ಎಂದೇ ಬರೆದಿದ್ದರು. ಐದು ಜನ ಒಂದೇ ಕಲ್ಲಿಗೆ ಎಡವಿದ್ದರು. ಆದರೆ ಪ್ರತಿಯೊಬ್ಬರೂ ತಾವೊಬ್ಬರೇ ಎಡವಿದೆವು ಎಂದುಕೊಂಡಿದ್ದರು. ತರಗತಿಯಲ್ಲಿ ಕುಳಿತಿದ್ದರೆ ಪಕ್ಕದವನ ಮುಖ ನೋಡಿ ತಿಳಿಯುತ್ತಿತ್ತು. ಮೊಬೈಲಿನ ಪರದೆಯಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ.

ಮಿತ್ರರೇ, ನಾನು ಇಂದು ಹೇಳಬೇಕೆಂದಿರುವುದು ಇದೊಂದೇ. ಅಂತರ್ಜಾಲದಲ್ಲಿ ಓದುವ ಪುಟದ ಅಂಚಿನಲ್ಲಿ ನಾವು ಟಿಪ್ಪಣಿ ಬರೆದು ಪರಸ್ಪರ ಹಂಚಿಕೊಳ್ಳಬಹುದು. ಆ ಟಿಪ್ಪಣಿಗಳಲ್ಲಿ ಅತ್ಯಂತ ಬೆಲೆಬಾಳುವುದು ಜಾಣರ ಉತ್ತರವಲ್ಲ; "ಇಲ್ಲಿ ನನಗೆ ಅರ್ಥವಾಗಲಿಲ್ಲ" ಎಂಬ ಪ್ರಾಮಾಣಿಕ ಮಾತು.

ಅಂಚಿನಲ್ಲಿ ಬರೆಯುವುದು ನಮಗೆ ಹೊಸದಲ್ಲ. ನಮ್ಮ ಹಿರಿಯರು ಇದಕ್ಕೆ ಹಾಶಿಯಾ ಎನ್ನುತ್ತಿದ್ದರು. ಹಾಶಿಯಾ ಎಂದರೆ ಅಂಚು. ಅಂಚಿನಲ್ಲಿ ಬರೆದ ವಿವರಣೆಗೂ ಅದೇ ಹೆಸರು. ಮದ್ರಸಾಗಳಲ್ಲಿ ಓದಿದವರು ಇಂತಹ ಪುಸ್ತಕಗಳನ್ನು ನೋಡಿರುತ್ತಾರೆ. ನಡುವೆ ಮೂಲ ಗ್ರಂಥ, ಸುತ್ತಲೂ ಸಣ್ಣ ಅಕ್ಷರದಲ್ಲಿ ವಿವರಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಹಾರನ್‌ಪುರದ ಮೌಲಾನಾ ಅಹ್ಮದ್ ಅಲಿಯವರು ಸಹೀಹ್ ಬುಖಾರಿಗೆ ಹಾಶಿಯಾ ಬರೆದು ದೆಹಲಿಯಲ್ಲಿ ಮುದ್ರಿಸಿದರು. ಅದರ ಕೊನೆಯ ಭಾಗದ ಹಾಶಿಯಾ ಬರೆಯುವ ಕೆಲಸವನ್ನು ಆಗಿನ್ನೂ ಕಿರಿಯರಾಗಿದ್ದ ಮೌಲಾನಾ ಕಾಸಿಂ ನಾನೌತವಿಯವರಿಗೆ ವಹಿಸಿದರು. ಹಿರಿಯ ವಿದ್ವಾಂಸರೊಬ್ಬರು ತಮ್ಮ ಪುಟದ ಅಂಚಿನಲ್ಲಿ ಕಿರಿಯರೊಬ್ಬರಿಗೆ ಜಾಗ ಬಿಟ್ಟುಕೊಟ್ಟರು ಎಂಬುದನ್ನು ಗಮನಿಸಬೇಕು.

ಇನ್ನೂ ಹಿಂದಕ್ಕೆ ಹೋದರೆ ಸಮಾಅ್ ಎಂಬ ಪದ್ಧತಿ ಇತ್ತು. ಡಮಾಸ್ಕಸ್‌ನಂತಹ ನಗರಗಳಲ್ಲಿ ಒಂದು ಗ್ರಂಥವನ್ನು ಗುರುವಿನ ಮುಂದೆ ಗಟ್ಟಿಯಾಗಿ ಓದಿದಾಗ, ಅಂದು ಯಾರು ಓದಿದರು, ಯಾರು ಕುಳಿತು ಕೇಳಿದರು, ಯಾವ ದಿನ, ಯಾವ ಸ್ಥಳ ಎಂಬುದನ್ನು ಅದೇ ಹಸ್ತಪ್ರತಿಯಲ್ಲಿ ಬರೆದಿಡುತ್ತಿದ್ದರು. ಈ ಪಟ್ಟಿಗಳಲ್ಲಿ ಮಹಿಳೆಯರ ಹೆಸರುಗಳಿವೆ, ಮಕ್ಕಳ ಹೆಸರುಗಳೂ ಇವೆ. ಓದುವುದೆಂದರೆ ಒಬ್ಬನೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವೆಂದು ಅವರು ತಿಳಿದಿರಲಿಲ್ಲ.

ಕನ್ನಡದಲ್ಲಿಯೂ ಟೀಕೆ, ಟಿಪ್ಪಣಿ, ವ್ಯಾಖ್ಯಾನ ಎಂಬ ಮಾತುಗಳು ಹಳೆಯವು. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರವರು ಕುಳಿತು ಕೇಳುತ್ತಾರೆ. ಅಕ್ಷರ ಬಾರದವರಿಗೂ ಕುಮಾರವ್ಯಾಸ ತಲುಪಿದ್ದು ಹೀಗೆ. ಮೂಲ ಒಬ್ಬರದು, ಅರ್ಥ ಹೇಳುವ ಹೊಣೆ ಇನ್ನೊಬ್ಬರದು, ಲಾಭ ಎಲ್ಲರದು.

ಹಾಗಾದರೆ ಅಂತರ್ಜಾಲದ ಪುಟಕ್ಕೆ ಅಂಚು ಏಕಿಲ್ಲ? ಇದನ್ನು ಯೋಚಿಸಿದವರು ಇರಲಿಲ್ಲವೆಂದಲ್ಲ. 1945ರಲ್ಲಿಯೇ ಅಮೆರಿಕದ ವಿಜ್ಞಾನಿ ವನ್ನೆವರ್ ಬುಷ್ ತಮ್ಮ ಪ್ರಸಿದ್ಧ ಲೇಖನವೊಂದರಲ್ಲಿ ಮೆಮೆಕ್ಸ್ ಎಂಬ ಯಂತ್ರದ ಕಲ್ಪನೆ ಮುಂದಿಟ್ಟರು. ಓದುವವನು ಅದರಲ್ಲಿ ತನ್ನ ಟಿಪ್ಪಣಿ ಸೇರಿಸಬಹುದು, ತಾನು ಓದಿಕೊಂಡು ಹೋದ ದಾರಿಯನ್ನು ಸ್ನೇಹಿತನಿಗೂ ಕೊಡಬಹುದು ಎಂದು ಅವರು ಊಹಿಸಿದ್ದರು. 1993ರಲ್ಲಿ ಬಂದ ಮೊಸಾಯಿಕ್ ಎಂಬ ಬ್ರೌಸರಿನಲ್ಲಿ ಪುಟಕ್ಕೆ ಟಿಪ್ಪಣಿ ಬರೆಯುವ ಸೌಲಭ್ಯ ಇತ್ತು. ಗುಂಪಾಗಿ ಟಿಪ್ಪಣಿ ಹಂಚುವ ಪ್ರಯತ್ನವನ್ನೂ ಮಾಡಿ ಕೈಬಿಟ್ಟರು. 2009ರಲ್ಲಿ ಗೂಗಲ್ ಸಂಸ್ಥೆ ಸೈಡ್‌ವಿಕಿ ಎಂಬ ಹೆಸರಿನಲ್ಲಿ ಇಂತಹದೇ ಸೇವೆ ಆರಂಭಿಸಿ 2011ರಲ್ಲಿ ನಿಲ್ಲಿಸಿತು. ಅಂತೂ ಆಸೆ ಹಳೆಯದು, ನಡುನಡುವೆ ಮುರಿದು ಬಿದ್ದದ್ದೂ ಉಂಟು.

2017ರ ಫೆಬ್ರವರಿಯಲ್ಲಿ ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಜಾಲಪುಟದ ಟಿಪ್ಪಣಿಗಳಿಗೆ ಒಂದು ಸಾಮಾನ್ಯ ನಿಯಮವನ್ನು ಪ್ರಕಟಿಸಿತು. 2011ರಲ್ಲಿ ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದೆ ಆರಂಭವಾದ ಹೈಪಾಥಿಸಿಸ್ ಎಂಬ ಸಾಧನ ಈ ಕ್ಷೇತ್ರದಲ್ಲಿ ಹೆಸರು ಪಡೆದಿದೆ. ಅಮೆರಿಕದ ಎಂಐಟಿಯಲ್ಲಿ ಎನ್‌ಬಿ ಎಂಬ ಸಾಧನವನ್ನೂ, ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಮತ್ತು ಸಂಗಡಿಗರು ಪೆರುಸಾಲ್ ಎಂಬ ಸಾಧನವನ್ನೂ ರೂಪಿಸಿದರು. ವಿದ್ಯಾರ್ಥಿಗಳು ತರಗತಿಗೆ ಬರುವ ಮೊದಲೇ ಪಾಠ ಓದಿ ಅಂಚಿನಲ್ಲಿ ಪ್ರಶ್ನೆ ಬರೆಯುತ್ತಾರೆ, ಸಹಪಾಠಿಗಳು ಉತ್ತರಿಸುತ್ತಾರೆ. ಎಲ್ಲಿ ಹೆಚ್ಚು ಜನ ಎಡವಿದ್ದಾರೆ ಎಂಬುದು ಅಧ್ಯಾಪಕರಿಗೆ ಮೊದಲೇ ತಿಳಿಯುತ್ತದೆ. ಅಷ್ಟು ದೊಡ್ಡ ವಿಶ್ವವಿದ್ಯಾಲಯದ ಮಕ್ಕಳಿಗೂ "ನನಗೆ ತಿಳಿಯಲಿಲ್ಲ" ಎಂದು ಬರೆಯಲು ಒಂದು ಜಾಗ ಬೇಕಾಯಿತು ಎಂದ ಮೇಲೆ ನಮ್ಮ ಮಕ್ಕಳು ನಾಚಿಕೊಳ್ಳಬೇಕಾಗಿಲ್ಲ.

ಇದು ಕೆಲಸ ಮಾಡುವ ರೀತಿಯನ್ನು ಸರಳವಾಗಿ ಹೇಳುತ್ತೇನೆ. ಮೂಲ ಪುಟವನ್ನು ಯಾರೂ ಮುಟ್ಟುವುದಿಲ್ಲ. ಅದರ ಮೇಲೆ ಒಂದು ಪಾರದರ್ಶಕ ಹಾಳೆಯನ್ನು ಇಟ್ಟು ಆ ಹಾಳೆಯ ಮೇಲೆ ಬರೆದಂತೆ. ನೀವು ಒಂದು ವಾಕ್ಯವನ್ನು ಗುರುತು ಮಾಡಿ ಟಿಪ್ಪಣಿ ಬರೆದಾಗ, ಪುಟದ ವಿಳಾಸ, ನೀವು ಗುರುತು ಮಾಡಿದ ಪದಗಳು, ಅವುಗಳ ಹಿಂದೆ ಮುಂದೆ ಇರುವ ಕೆಲವು ಅಕ್ಷರಗಳು ಮತ್ತು ನಿಮ್ಮ ಟಿಪ್ಪಣಿ, ಇಷ್ಟೂ ಬೇರೊಂದು ಕಡೆ ಉಳಿಯುತ್ತದೆ. ನಿಮ್ಮ ಗುಂಪಿನ ಇನ್ನೊಬ್ಬರು ಅದೇ ಸಾಧನದೊಂದಿಗೆ ಅದೇ ಪುಟ ತೆರೆದರೆ ಆ ಪದಗಳನ್ನು ಹುಡುಕಿ, ಸರಿಯಾಗಿ ಆ ಜಾಗದಲ್ಲೇ ಟಿಪ್ಪಣಿಯನ್ನು ತೋರಿಸುತ್ತದೆ. ವಾಟ್ಸಾಪ್‌ನಲ್ಲಿ ಬರೆದ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ "ಯಾವ ಪುಟ? ಯಾವ ಪ್ಯಾರಾ?" ಎಂದು ಕೇಳುವುದರಲ್ಲೇ ಹೊತ್ತು ಹೋಗುತ್ತದೆ, ನಾಳೆ ಬೆಳಿಗ್ಗೆ ನೂರು ಶುಭಾಶಯಗಳ ಕೆಳಗೆ ಪ್ರಶ್ನೆ ಹೂತುಹೋಗಿರುತ್ತದೆ. ಅಂಚಿನ ಟಿಪ್ಪಣಿ ಸಂದೇಹ ಹುಟ್ಟಿದ ಜಾಗದಲ್ಲೇ ಇರುತ್ತದೆ, ಮುಂದಿನ ವರ್ಷ ಓದುವವರಿಗೂ ಸಿಗುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರು ಹಿಂದೆ ಬಿದ್ದಿಲ್ಲ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ನಗರದ ಜನಸ್ತು ಎಂಬ ಸಂಸ್ಥೆಯ ಟಿ.ಬಿ. ದಿನೇಶ್ ಮತ್ತು ಸಂಗಡಿಗರು ಅಲಿಪಿ ಎಂಬ ಯೋಜನೆ ರೂಪಿಸಿದ್ದರು. ಅದರ ವಿವರಗಳನ್ನು 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದ ಜಾಲದ ಸುಗಮ ಬಳಕೆ ಕುರಿತ ಸಮ್ಮೇಳನದಲ್ಲಿ ಮಂಡಿಸಲಾಯಿತು. ಅವರ ಪ್ರಶ್ನೆ ಸರಳವಾಗಿತ್ತು: ಜಾಲದಲ್ಲಿ ಮಾಹಿತಿ ಬೇಕಾದಷ್ಟಿದೆ, ಆದರೆ ಆ ಭಾಷೆ ಬಾರದವನಿಗೆ, ಓದಲು ಬಾರದವನಿಗೆ ಅದರಿಂದ ಏನು ಪ್ರಯೋಜನ? ಅವರು ಕಂಡ ಉಪಾಯ ಮರುನಿರೂಪಣೆ. ವಿಷಯ ತಿಳಿದ ಸ್ವಯಂಸೇವಕನೊಬ್ಬ ಪುಟದ ಒಂದು ಭಾಗವನ್ನು ತನ್ನ ಜನರಿಗೆ ತಿಳಿಯುವಂತೆ ಇನ್ನೊಂದು ಭಾಷೆಯಲ್ಲಿ, ಸರಳ ಮಾತಿನಲ್ಲಿ, ಚಿತ್ರದಲ್ಲಿ ಅಥವಾ ಧ್ವನಿಯಲ್ಲಿ ಮತ್ತೆ ಹೇಳುವುದು. ಮೂಲ ಪುಟ ಹಾಗೆಯೇ ಇರುವುದು. ಅಂದರೆ ಗಮಕದ ಅರ್ಥಗಾರಿಕೆಯನ್ನೇ ಜಾಲಪುಟಕ್ಕೆ ತಂದಂತಾಯಿತು.

2008ರಲ್ಲಿ ಆರಂಭವಾದ ಪಾಡ್.ಮಾ ಎಂಬ ದೃಶ್ಯ ಸಂಗ್ರಹದಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಪಾಲುಗೊಂಡಿತ್ತು. ಅಲ್ಲಿ ವಿಡಿಯೊ ತುಣುಕುಗಳಿಗೆ ಕ್ಷಣ ಕ್ಷಣದ ಲೆಕ್ಕದಲ್ಲಿ ಟಿಪ್ಪಣಿ ಬರೆಯಬಹುದು. 2013ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ ಆರಂಭಿಸಿತು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ವಿಕಿ ಮಾದರಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠದ ಸಾಮಗ್ರಿ ಬರೆದರು. ಬೇರೆಯವರು ತಯಾರಿಸಿದ್ದನ್ನು ಬಳಸುವುದಷ್ಟೇ ಶಿಕ್ಷಕನ ಕೆಲಸವಲ್ಲ, ತನ್ನ ಅನುಭವವನ್ನು ಅದಕ್ಕೆ ಸೇರಿಸುವುದೂ ಅವನ ಕೆಲಸ ಎಂಬುದನ್ನು ಈ ಯೋಜನೆ ತೋರಿಸಿತು. ವಿದ್ಯಾರ್ಥಿಯ ವಿಷಯದಲ್ಲೂ ಇದು ನಿಜ ಎಂದು ನನ್ನ ಅನಿಸಿಕೆ.

ನಮ್ಮ ಮಕ್ಕಳಿಗೆ ಇದು ವಿಶೇಷವಾಗಿ ಏಕೆ ಬೇಕು? ಆರ್.ಟಿ. ನಗರ, ಸುಲ್ತಾನ್‌ಪಾಳ್ಯ, ಗಂಗಾನಗರದ ಎಷ್ಟೋ ಮಕ್ಕಳು ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ, ಕಾಲೇಜಿಗೆ ಹೋದಾಗ ಎಲ್ಲವೂ ಇಂಗ್ಲಿಷ್. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಸಂದೇಹ ಬಂದರೆ ಕೇಳಲು ಅಣ್ಣನಿಲ್ಲ, ಅಕ್ಕನಿಲ್ಲ. ದುಡ್ಡಿದ್ದವರು ಟ್ಯೂಷನ್ ಇಡುತ್ತಾರೆ. ಉಳಿದವರಿಗೆ ಅಂಚಿನಲ್ಲಿ ಬರೆದಿಟ್ಟ ಒಂದು ಸಾಲೇ ಅಣ್ಣ, ಅದೇ ಅಕ್ಕ.

ಈಗ ನಮ್ಮದೇ ಅನುಭವವನ್ನು, ಅದರಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಶಾಲೆಗಳು ಪೂರ್ತಿಯಾಗಿ ತೆರೆದ ನಂತರ ಸಂಘದ ಸಂಜೆ ಓದುಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳನ್ನಿಟ್ಟು ಹನ್ನೊಂದು ವಿದ್ಯಾರ್ಥಿಗಳ ಒಂದು ಗುಂಪು ಮಾಡಿದೆವು. ವಾಣಿಜ್ಯಶಾಸ್ತ್ರದ ಒಂದು ಇಂಗ್ಲಿಷ್ ಪುಟವನ್ನು ಓದಲು ಕೊಟ್ಟೆವು. ಅದರಲ್ಲಿ ಡಿಪ್ರಿಸಿಯೇಷನ್ ಎಂಬ ಪದ ಬಂತು. ಒಬ್ಬ ಹುಡುಗ ಅದರ ಪಕ್ಕದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ನಾನು ಉತ್ಸಾಹದಿಂದ ಉತ್ತರ ಬರೆದೆ: "ಇದಕ್ಕೆ ಕನ್ನಡದಲ್ಲಿ ಸವಕಳಿ ಎನ್ನುತ್ತಾರೆ. ಒಂದು ವಸ್ತುವಿನ ಪೇಟೆ ಬೆಲೆ ಇಳಿಯುವುದೇ ಸವಕಳಿ." ಪದ ಸರಿ, ವಿವರಣೆ ತಪ್ಪು. ನಾನು ಕನ್ನಡದ ಮೇಷ್ಟ್ರು, ಲೆಕ್ಕಶಾಸ್ತ್ರದವನಲ್ಲ. ಆದರೆ ಬರೆದವನು ಮೇಷ್ಟ್ರು ಎಂಬ ಕಾರಣಕ್ಕೆ ಮಕ್ಕಳೆಲ್ಲ ಅದನ್ನೇ ನೋಟುಪುಸ್ತಕಕ್ಕೆ ಇಳಿಸಿಕೊಂಡರು. ಕಿರುಪರೀಕ್ಷೆಯಲ್ಲಿಯೂ ಕೆಲವರು ಅದನ್ನೇ ಬರೆದು ಅಂಕ ಕಳೆದುಕೊಂಡರು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ನನ್ನ ಟಿಪ್ಪಣಿಯ ಕೆಳಗೆ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ಹೀಗೆ ಬರೆದಳು: "ಸರ್, ಒಂದು ಸಂದೇಹ. ನಮ್ಮ ಅಬ್ಬಾ ಆಟೋ ಮಾರುವುದೇ ಇಲ್ಲ. ಪೇಟೆಯಲ್ಲಿ ಅದರ ಬೆಲೆ ಎಷ್ಟಾದರೂ ಆಗಲಿ, ಓಡಿಸಿದ ಹಾಗೆ ಆಟೋ ಸವೆಯುತ್ತದಲ್ಲ. ಎರಡು ಲಕ್ಷಕ್ಕೆ ತಂದ ಆಟೋ ಹತ್ತು ವರ್ಷ ಓಡಿ ಕೊನೆಗೆ ಗುಜರಿಗೆ ಇಪ್ಪತ್ತು ಸಾವಿರಕ್ಕೆ ಹೋದರೆ, ನಡುವಿನ ಒಂದು ಲಕ್ಷ ಎಂಬತ್ತು ಸಾವಿರವನ್ನು ಹತ್ತು ವರ್ಷಕ್ಕೆ ಹಂಚಿ, ವರ್ಷಕ್ಕೆ ಹದಿನೆಂಟು ಸಾವಿರ ಖರ್ಚು ಎಂದು ಬರೆಯಬೇಕು ಅಂತ ಪುಸ್ತಕದಲ್ಲಿದೆ. ಅದೇ ಸವಕಳಿ ಅಲ್ಲವೇ?"

ಅದೇ ಸವಕಳಿ. ಲೆಕ್ಕ ಹಾಕುವ ವಿಧಾನಗಳು ಬೇರೆ ಬೇರೆ ಇವೆ; ಅವಳು ಹೇಳಿದ್ದು ಅವುಗಳಲ್ಲಿ ಅತ್ಯಂತ ಸರಳವಾದದ್ದು. ಸವೆಯುವುದು ಎಂಬ ನಮ್ಮ ಮಾತಿನಿಂದಲೇ ಸವಕಳಿ ಬಂದಿದೆ ಎಂಬುದು ಕನ್ನಡದ ಮೇಷ್ಟ್ರಿಗೆ ಹೊಳೆಯಲಿಲ್ಲ, ಆಟೋ ಚಾಲಕನ ಮಗಳಿಗೆ ಹೊಳೆಯಿತು. ಅವಳನ್ನು ಕರೆದು ಕೇಳಿದೆ: "ಮೊದಲ ದಿನವೇ ಗೊತ್ತಿತ್ತಾ ಅಮ್ಮ?" "ಗೊತ್ತಿತ್ತು ಸರ್" ಎಂದಳು. "ಮತ್ತೆ ಯಾಕೆ ಬರೆಯಲಿಲ್ಲ?" "ನೀವು ಬರೆದದ್ದನ್ನು ತಪ್ಪು ಅಂತ ನಾನು ಹೇಗೆ ಬರೆಯೋದು ಸರ್?"

ಸಭಿಕರೇ, ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಹಿರಿಯರಿಗೆ ಗೌರವ ಕೊಡಬೇಕೆಂದು ನಾವೇ ಕಲಿಸಿದ್ದೇವೆ. ಅದು ಒಳ್ಳೆಯದೇ. ಆದರೆ ಆ ಗೌರವದಿಂದ ಹತ್ತು ಹನ್ನೆರಡು ದಿನ ಒಂದು ತಪ್ಪು ಹತ್ತು ಮಕ್ಕಳ ತಲೆಯಲ್ಲಿ ಕುಳಿತಿತ್ತು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ನಾಚಿಕೆಯಿಂದ ಸುಮ್ಮನಾದ, ಈ ಹುಡುಗಿ ಗೌರವದಿಂದ ಸುಮ್ಮನಾದಳು. ಎರಡೂ ಕಡೆ ಸೋತದ್ದು ವಿದ್ಯೆ. ಒಳ್ಳೆಯ ಸಾಧನವನ್ನು ತಂದು ಕೊಟ್ಟರೆ ಸಾಲದು, ಅದರಲ್ಲಿ ಮಾತಾಡುವ ಧೈರ್ಯವನ್ನೂ ಕೊಡಬೇಕು ಎಂಬುದು ಅಂದು ನನಗೆ ಅರ್ಥವಾಯಿತು.

ನಾನು ನನ್ನ ತಪ್ಪು ಟಿಪ್ಪಣಿಯನ್ನು ಅಳಿಸಲಿಲ್ಲ. ಅದರ ಕೆಳಗೆ "ಮೇಲೆ ನಾನು ಬರೆದದ್ದು ತಪ್ಪು, ವಿದ್ಯಾರ್ಥಿನಿ ಬರೆದದ್ದು ಸರಿ" ಎಂದು ಬರೆದೆ. ಅಳಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಆದರೆ ಅವಳ ಧೈರ್ಯಕ್ಕೆ ಸಾಕ್ಷಿ ಇರುತ್ತಿರಲಿಲ್ಲ. ಆ ವಾರದಿಂದ ಪ್ರಶ್ನೆಗಳು ಹೆಚ್ಚಿದವು. ಈಗ ಹೊಸದಾಗಿ ಬರುವ ಮಕ್ಕಳಿಗೆ ಮೊದಲು ತೋರಿಸುವುದು ಆ ಪುಟವನ್ನೇ.

ಈ ಅನುಭವದಿಂದ ನಾವು ಕಂಡುಕೊಂಡ ಕೆಲವು ನಿಯಮಗಳನ್ನು ವಿದ್ಯಾರ್ಥಿಗಳಿಗೆ ಹೇಳಬಯಸುತ್ತೇನೆ.

ಮೊದಲನೆಯದು, ಎಲ್ಲಿ ತಿಳಿಯಲಿಲ್ಲವೋ ಅಲ್ಲಿಯೇ ಗುರುತು ಮಾಡಿ. ಇಡೀ ಪುಟ ಅರ್ಥವಾಗಲಿಲ್ಲ ಎಂದರೆ ಯಾರೂ ಸಹಾಯ ಮಾಡಲಾರರು. ಯಾವ ವಾಕ್ಯದವರೆಗೆ ಬಂದಿರಿ, ಯಾವ ಪದದಲ್ಲಿ ನಿಂತಿರಿ ಎಂದು ಬರೆಯಿರಿ. ಹಾಗೆ ಬರೆಯುವಾಗಲೇ ಅರ್ಧ ಸಂದೇಹ ಪರಿಹಾರವಾಗುತ್ತದೆ.

ಎರಡನೆಯದು, ಉತ್ತರ ಬರೆಯುವವರು ದಾರಿ ತೋರಿಸಿ. ಪರೀಕ್ಷೆಗೆ ಬರೆಯುವ ಸಿದ್ಧ ಉತ್ತರವನ್ನು ಅಲ್ಲಿ ಇಟ್ಟರೆ ಓದುವವನು ನಕಲು ಮಾಡುತ್ತಾನೆ, ಕಲಿಯುವುದಿಲ್ಲ. ನನ್ನ ಹಳೆಯ ಪುಸ್ತಕದಲ್ಲಿ ಬರೆದಿದ್ದವರು ಉತ್ತರ ಹೇಳಿರಲಿಲ್ಲ, ಎಲ್ಲಿ ನೋಡಬೇಕೆಂದು ಹೇಳಿದ್ದರು. ಕನ್ನಡದಲ್ಲಿ ಬರೆಯಿರಿ, ಉರ್ದು ಪದ ಬಳಸಿ, ಮನೆಯ ಉದಾಹರಣೆ ಕೊಡಿ. ವ್ಯಾಕರಣ ತಪ್ಪಾದರೆ ಚಿಂತೆಯಿಲ್ಲ.

ಮೂರನೆಯದು, ನಿಮಗೆ ಹೇಗೆ ಗೊತ್ತು ಎಂಬುದನ್ನು ಹೇಳಿ. ಪಠ್ಯಪುಸ್ತಕದ ಇಂತಹ ಪುಟ, ಇಂತಹ ಅಧ್ಯಾಪಕರು, ಅಥವಾ "ಇದು ನನ್ನ ಊಹೆ". ಯಾರಿಂದ ಕೇಳಿದೆವು ಎಂದು ಹೇಳದೆ ಮಾತನ್ನು ಮುಂದೆ ಸಾಗಿಸಬಾರದು ಎಂಬ ಶಿಸ್ತು ಹದೀಸ್ ವಿದ್ಯೆಯನ್ನು ಬಲ್ಲ ಸಮಾಜಕ್ಕೆ ನಾನು ಹೊಸದಾಗಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ತಪ್ಪನ್ನು ತಿದ್ದಿ, ವ್ಯಕ್ತಿಯನ್ನು ಹೀಯಾಳಿಸಬೇಡಿ. "ಇಷ್ಟೂ ಗೊತ್ತಿಲ್ಲವೇ" ಎಂಬ ಒಂದು ಮಾತು ಸಾಕು, ಆ ಹುಡುಗ ಇನ್ನೆಂದೂ ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಆ ಒಂದು ಮಾತಿಗೆ ಅವಕಾಶವಿಲ್ಲ.

ಐದನೆಯದು, ಎಚ್ಚರಿಕೆ. ಇಂತಹ ಸಾಧನಗಳಲ್ಲಿ ಟಿಪ್ಪಣಿಯನ್ನು ಲೋಕಕ್ಕೆಲ್ಲ ಕಾಣುವಂತೆ ಬರೆಯಬಹುದು, ತನ್ನ ಗುಂಪಿಗೆ ಮಾತ್ರ ಕಾಣುವಂತೆಯೂ ಬರೆಯಬಹುದು. ನೀವು ಗುಂಪನ್ನೇ ಆರಿಸಿಕೊಂಡಿದ್ದೀರಾ ಎಂದು ಬರೆಯುವ ಮೊದಲು ನೋಡಿಕೊಳ್ಳಿ. ಪೂರ್ತಿ ಹೆಸರು, ಫೋನ್ ಸಂಖ್ಯೆ, ಭಾವಚಿತ್ರ ಹಾಕಬೇಡಿ. ಹೆಣ್ಣುಮಕ್ಕಳ ಪೋಷಕರಿಗೆ ಈ ಬಗ್ಗೆ ಆತಂಕವಿರುವುದು ಸಹಜ. ಗುಂಪಿನಲ್ಲಿ ಯಾರಿದ್ದಾರೆ, ಅಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಓದುಕೋಣೆಗೆ ಬಂದು ಯಾವಾಗ ಬೇಕಾದರೂ ನೋಡಬಹುದು.

ಇದರಲ್ಲಿ ತೊಂದರೆಗಳೂ ಇವೆ. ಮೊಬೈಲಿನ ಸಣ್ಣ ಪರದೆಯಲ್ಲಿ ಈ ಕೆಲಸ ಅಷ್ಟು ಸುಲಭವಲ್ಲ, ಕಂಪ್ಯೂಟರ್ ಇದ್ದರೆ ಅನುಕೂಲ. ಮೂಲ ಪುಟವನ್ನು ಅದರ ಒಡೆಯರು ಬದಲಾಯಿಸಿದರೆ ನೀವು ಗುರುತು ಮಾಡಿದ ವಾಕ್ಯವೇ ಇಲ್ಲದಂತಾಗಿ ಟಿಪ್ಪಣಿ ಅನಾಥವಾಗುತ್ತದೆ. ಸೈಡ್‌ವಿಕಿಯಂತೆ ಸೇವೆಯೇ ನಿಂತುಹೋಗಬಹುದು. ಆದ್ದರಿಂದ ತಿಂಗಳಿಗೊಮ್ಮೆ ಒಳ್ಳೆಯ ಟಿಪ್ಪಣಿಗಳನ್ನು ಒಂದು ನೋಟುಪುಸ್ತಕಕ್ಕೆ ಇಳಿಸಿಡುತ್ತೇವೆ. ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಪುಟವನ್ನು ಅಗಲ ಅಂಚು ಬಿಟ್ಟು ಮುದ್ರಿಸಿ ಕೊಡುತ್ತೇವೆ. ಅವರು ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಾರೆ, ಓದುಕೋಣೆಯಲ್ಲಿ ಒಬ್ಬರು ಅದನ್ನು ಗುಂಪಿಗೆ ಸೇರಿಸುತ್ತಾರೆ, ಬಂದ ಉತ್ತರವನ್ನು ಅದೇ ಹಾಳೆಯಲ್ಲಿ ಬರೆದು ಹಿಂದಿರುಗಿಸುತ್ತಾರೆ. ವಿದ್ಯುತ್ ಹೋದರೂ, ಡೇಟಾ ಮುಗಿದರೂ ಈ ಹಾಳೆ ಓಡಾಡುತ್ತದೆ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಾವು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತೇವೆ, ಪುಸ್ತಕ ಹಂಚುತ್ತೇವೆ. ಅದು ನಡೆಯಲಿ. ಅದರ ಜೊತೆಗೆ ನಮ್ಮಲ್ಲಿ ಓದಿ ಕೆಲಸಕ್ಕೆ ಸೇರಿದ ಇಂಜಿನಿಯರುಗಳು, ಲೆಕ್ಕಿಗರು, ದಾದಿಯರು, ಶಿಕ್ಷಕಿಯರು ಇದ್ದಾರೆ. ಅವರು ವಾರಕ್ಕೆ ಅರ್ಧ ಗಂಟೆ ಕೊಡಲಿ. ದಿನವೂ ಓದುಕೋಣೆಗೆ ಬರಬೇಕಾಗಿಲ್ಲ. ಮನೆಯಿಂದಲೇ ಪುಟ ತೆರೆದು ಮಕ್ಕಳು ಬರೆದ ಪ್ರಶ್ನೆಗಳನ್ನು ನೋಡಿ ಎರಡು ಸಾಲು ಬರೆಯಲಿ. ಒಂದು ಪ್ರಶ್ನೆಯೂ ಎರಡು ದಿನಕ್ಕಿಂತ ಹೆಚ್ಚು ಉತ್ತರವಿಲ್ಲದೆ ಉಳಿಯಬಾರದು ಎಂಬ ಜವಾಬ್ದಾರಿಯನ್ನು ನಾವು ಹೊರೋಣ. ಕೇಳಿದವನಿಗೆ ಉತ್ತರ ಸಿಗದಿದ್ದರೆ ಅವನು ಎರಡನೆಯ ಸಲ ಕೇಳುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎಂದಾದರೂ ಬರೆಯಿರಿ.

ಅಂಗಡಿಯ ಹುಡುಗನ ವಿಷಯ ಹೇಳದೆ ಮುಗಿಸಲಾರೆ. ಅವನು ಕಾಲೇಜಿಗೆ ಹಿಂತಿರುಗಲಿಲ್ಲ. ಒಂದು ದಿನ ಓದುಕೋಣೆಗೆ ಬಂದಿದ್ದ, ತಮ್ಮನನ್ನು ಸೇರಿಸಲು. ಅವನು ಎಡವಿದ್ದ ಆ ಹಳೆಯ ಪುಟವನ್ನು ತೆರೆದು ತೋರಿಸಿದೆ. ಅದೇ ವಾಕ್ಯದ ಪಕ್ಕದಲ್ಲಿ ಬೇರೆ ಬೇರೆ ಮಕ್ಕಳ ಐದಾರು ಪ್ರಶ್ನೆಗಳಿದ್ದವು. ಅವನು ಬಹಳ ಹೊತ್ತು ನೋಡಿದ. "ಇವರಿಗೂ ಇಲ್ಲೇನಾ ಸರ್?" ಎಂದು ಕೇಳಿದ. ಹೌದು ಎಂದೆ. ಅವನು ಹೆಚ್ಚೇನೂ ಹೇಳಲಿಲ್ಲ. ತಮ್ಮನಿಗೆ ಮಾತ್ರ, "ತಿಳಿಯದಿದ್ದರೆ ಬರಿ, ಸುಮ್ಮನಿರಬೇಡ" ಎಂದು ಹೇಳಿ ಹೋದ. ಮುಕ್ತ ವಿಶ್ವವಿದ್ಯಾಲಯದ ಮೂಲಕ ಓದು ಮುಂದುವರಿಸಬಹುದೆಂದು ಅವನಿಗೆ ಹೇಳಿದ್ದೇನೆ. ಆ ಬಾಗಿಲು ಅವನಿಗೆ ತೆರೆದೇ ಇದೆ.

ವಿದ್ಯಾರ್ಥಿ ಮಿತ್ರರೇ, ಆ ಹುಡುಗ ಅಣ್ಣನಾಗಿ ತಮ್ಮನಿಗೆ ಹೇಳಿದ ಮಾತನ್ನೇ ನಾನು ನಿಮಗೂ ಹೇಳುತ್ತೇನೆ. ತಿಳಿಯದಿದ್ದರೆ ಬರೆಯಿರಿ. ತಿಳಿದಿದ್ದರೆ ಇನ್ನೊಬ್ಬರಿಗಾಗಿ ಬರೆಯಿರಿ. ಅಲ್ಲಾಹನು ನಮ್ಮೆಲ್ಲರ ವಿದ್ಯೆಯನ್ನು ಹೆಚ್ಚಿಸಲಿ. ವಸ್ಸಲಾಮ್.